ರಾಜಕಾಲುವೆಗೆ ಮಳೆನೀರು ಮಾತ್ರ

ಕೊಡಗಿನ ಬ್ರಹ್ಮಗಿರಿಯ ಇಳಿಜಾರಿನಲ್ಲಿ, ಹೇಮಾವತಿ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ಸುರಿದ ಮಳೆ ಕನ್ನಂಬಾಡಿ ಕಟ್ಟೆಯಲ್ಲಿ ತಂಗಿ, ಮುಂದೆ ತೊರೆಕಾಡನಹಳ್ಳಿಯ ಪಂಪುಗಳಿಂದ ಎತ್ತಲ್ಪಟ್ಟು, ಸುಮಾರು 100 ಕಿಲೋಮೀಟರ್ ದೂರ ಕೊಳವೆಯಲ್ಲಿ ಸಾಗಿ ಬೆಂಗಳೂರಿನ ನಲ್ಲಿಗಳನ್ನು ತಲುಪುತ್ತದೆ. 1974ರಲ್ಲಿ ಆರಂಭವಾದ ಈ ಪಯಣಕ್ಕೆ 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತವೂ ಸೇರಿತು. ಮಲೆನಾಡಿನ ನೀರು ರಾಜಧಾನಿಯ ದಾಹ ತಣಿಸುವುದರ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಆ ನಗರವನ್ನು ಹಾದು ಹೊರಬೀಳುವ ನೀರು ಯಾವ ಸ್ಥಿತಿಯಲ್ಲಿರುತ್ತದೆ, ಅದು ಯಾರ ಗದ್ದೆಗೆ ಹೋಗುತ್ತದೆ ಎಂದು ಕೇಳುವ ಹಕ್ಕು ನೀರು ಕೊಟ್ಟವರಿಗೂ ಇದೆ, ಕೆಳಗೆ ನಿಂತು ಆ ನೀರು ಪಡೆಯುವವರಿಗೂ ಇದೆ.

ಬೆಂಗಳೂರು ನದಿಯ ದಡದ ಊರಲ್ಲ, ದಿಣ್ಣೆಯ ಮೇಲಿನ ಊರು. ಅಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಪೀಣ್ಯದ ಕೈಗಾರಿಕಾ ಪ್ರದೇಶದ ಬಹುಭಾಗದ ನೀರು ವೃಷಭಾವತಿಗೆ ಇಳಿದು, ಬಿಡದಿ ಬಳಿಯ ಬೈರಮಂಗಲ ಜಲಾಶಯವನ್ನು ಹಾದು, ಅರ್ಕಾವತಿಯನ್ನು ಕೂಡಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಮತ್ತೆ ಕಾವೇರಿಗೇ ಸೇರುತ್ತದೆ. ವೈಟ್‌ಫೀಲ್ಡಿನ ನೀರು ವರ್ತೂರಿನ ಕಡೆಗೂ, ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರದ ನೀರು ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿ, ಚಂದಾಪುರ, ಮುತ್ತಾನಲ್ಲೂರು ಮುಂತಾದ ಕೆರೆಗಳ ಕಡೆಗೂ ಹರಿದು ಕೊನೆಗೆ ದಕ್ಷಿಣ ಪಿನಾಕಿನಿಯ ಮೂಲಕ ತಮಿಳುನಾಡನ್ನು ಪ್ರವೇಶಿಸುತ್ತದೆ. ಕೈಗಾರಿಕೆಯ ಅಂಗಳದಿಂದ ಹೊರಟ ಯಾವ ಹನಿಯೂ ಅಲ್ಲಿಗೇ ನಿಲ್ಲುವುದಿಲ್ಲ.

ಈ ಹರಿವಿನ ದಾರಿಯೇ ರಾಜಕಾಲುವೆ. ಒಂದು ಕೆರೆ ಕೋಡಿ ಬಿದ್ದಾಗ ಹೆಚ್ಚುವರಿ ನೀರನ್ನು ಮುಂದಿನ ಕೆರೆಗೆ ಒಯ್ಯಲು ಹಿಂದಿನವರು ಕಾಪಾಡಿಕೊಂಡು ಬಂದ ಮಾರ್ಗವದು. ಅದರ ಹೂಳು ತೆಗೆಯುವುದು, ದಡ ಕಾಯುವುದು ಊರಿನ ಹೊಣೆಯಾಗಿತ್ತು. ಮಲೆನಾಡಿನಲ್ಲಿ ಹಳ್ಳಕ್ಕೂ ತೋಟದ ಕಪ್ಪಿಗೂ ಇರುವ ಸ್ಥಾನವೇ ಬಯಲುಸೀಮೆಯಲ್ಲಿ ರಾಜಕಾಲುವೆಗೆ ಇತ್ತು. ನಗರ ಬೆಳೆದಂತೆ ಈ ಮಾರ್ಗ ಕಾಂಕ್ರೀಟಿನ ಚರಂಡಿಯಾಯಿತು, ಹೆಸರು ಮಾತ್ರ ಉಳಿಯಿತು. ಚರಂಡಿ ಎಂಬ ಭಾವನೆ ಒಮ್ಮೆ ಬೇರೂರಿದ ಮೇಲೆ ಅದರಲ್ಲಿ ಏನನ್ನು ಬೇಕಾದರೂ ಚೆಲ್ಲಬಹುದೆಂಬ ರೂಢಿಯೂ ಬೆಳೆಯಿತು.

ಇದರ ಫಲವನ್ನು ಇಡೀ ಜಗತ್ತು ನೋಡಿದೆ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು, ಆ ವರ್ಷದ ಏಪ್ರಿಲ್‌ನಲ್ಲಿ ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಲು ಆದೇಶಿಸಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಎದ್ದಾಗ ಅದನ್ನು ನಂದಿಸಲು ಸೇನೆಯ ಯೋಧರೇ ಇಳಿಯಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕೆರೆಗಳ ಪುನಶ್ಚೇತನಕ್ಕಾಗಿ ರೂ. 500 ಕೋಟಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ ಸೂಚಿಸಿತು. ಚಂದಾಪುರ ಕೆರೆಯ ವಿಷಯದಲ್ಲಿಯೂ 2022ರ ಅಕ್ಟೋಬರ್‌ನಲ್ಲಿ ಅಷ್ಟೇ ಮೊತ್ತದ ಪರಿಸರ ಪರಿಹಾರವನ್ನು ವಿಧಿಸಿತು. ಕೋಟಿಗಳ ಲೆಕ್ಕ ನ್ಯಾಯಾಲಯಗಳಲ್ಲಿ ನಡೆಯುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಕೆಲಸಗಾರನ ಕೈಯಲ್ಲಿರುವ ಪೊರಕೆ ಮಾತ್ರ ಹಿಂದಿನಂತೆಯೇ ಚರಂಡಿಯ ಕಡೆಗೆ ಗುಡಿಸುತ್ತಿರುತ್ತದೆ. ನಿಯಮ ತಲುಪಬೇಕಾದದ್ದು ಆ ಪೊರಕೆಯನ್ನು.

ಬೆಳ್ಳಂದೂರಿನ ದುರವಸ್ಥೆಗೆ ಮುಖ್ಯ ಕಾರಣ ಸಂಸ್ಕರಣೆಯಾಗದ ಮನೆಗಳ ಕೊಳಚೆ ಎಂಬುದು ನಿಜ. ನೊರೆಯ ಮೂಲ ಸಾಬೂನು ಪುಡಿಗಳಲ್ಲಿದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. ಉದ್ಯಮಿಗಳು ಈ ಮಾತನ್ನು ಗುರಾಣಿಯಂತೆ ಹಿಡಿಯುವುದುಂಟು. ಆದರೆ ಕೊಳಚೆಯ ಪಾಲು ದೊಡ್ಡದೆಂದ ಮಾತ್ರಕ್ಕೆ ಲೋಹದ ಪಾಲು ನಿರುಪದ್ರವಿಯಾಗುವುದಿಲ್ಲ. ಕೊಳಚೆಯನ್ನು ಗಾಳಿ, ಬೆಳಕು ಮತ್ತು ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ಒಡೆಯಬಲ್ಲವು. ಸೀಸ, ನಿಕ್ಕಲ್, ಕ್ಯಾಡ್ಮಿಯಂಗಳನ್ನು ಒಡೆಯುವ ಜೀವಿ ಭೂಮಿಯ ಮೇಲಿಲ್ಲ. ಅವು ಹೂಳಿನಲ್ಲಿ ಕೂರುತ್ತವೆ, ಹೂಳು ಹೊಲಕ್ಕೆ ಬಿದ್ದರೆ ಮಣ್ಣಿನಲ್ಲಿ ಕೂರುತ್ತವೆ.

ಒಂದು ಸರಳ ಲೆಕ್ಕವನ್ನು ಇಲ್ಲಿ ಮುಂದಿಡಬಹುದು. ಕ್ರೋಮ್ ಲೇಪನದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲವಿರುತ್ತದೆ. ಅದರಲ್ಲಿ ಕ್ರೋಮಿಯಂ ಲೋಹದ ಅಂಶ ಸುಮಾರು 130 ಗ್ರಾಂ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹಾಗಾದರೆ ತೊಟ್ಟಿಯಿಂದ ಚೆಲ್ಲಿದ ಒಂದೇ ಒಂದು ಲೀಟರ್ ದ್ರಾವಣ 26 ಲಕ್ಷ ಲೀಟರ್ ಶುದ್ಧ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಇಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ನೀರಿನಲ್ಲಿ ಸುಲಭವಾಗಿ ಕರಗಿ ಚಲಿಸುವ, ಕ್ಯಾನ್ಸರ್‌ಕಾರಕವೆಂದು ಗುರುತಿಸಲ್ಪಟ್ಟ ರೂಪ. ನೆಲದ ಮೇಲೆ ಬಿದ್ದ ಒಂದು ಲೀಟರನ್ನು ನೀರು ಹಾಕಿ ತೊಳೆದು ಚರಂಡಿಗೆ ಬಿಡುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಅನುಕೂಲಕ್ಕೆ ಕೆಳಗಿನ ಬಾವಿಗಳು ತೆರುವ ಬೆಲೆಗೆ ಕೊನೆಯಿಲ್ಲ. ಲೋಹಲೇಪನ ಘಟಕಗಳು ನೆರೆದಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಾಣಿಸಿಕೊಂಡದ್ದು ಹೀಗೆ ಹನಿಹನಿಯಾಗಿ ಕೂಡಿದ ನಿರ್ಲಕ್ಷ್ಯಕ್ಕೆ ಸಾಕ್ಷಿ.

ಮಳೆನೀರಿನ ಮಾಲಿನ್ಯವೆಂದರೆ ಕಾರ್ಖಾನೆಯ ಕೊಳವೆಯಿಂದ ಬರುವ ತ್ಯಾಜ್ಯ ಮಾತ್ರವಲ್ಲ. ಅಂಗಳದಲ್ಲಿ ಬಿದ್ದ ಗ್ರೀಸು, ಲೇತಿನಿಂದ ಸಿಡಿದ ಲೋಹದ ಚೂರು, ಗುಜರಿ ರಾಶಿಯ ತುಕ್ಕು, ಜನರೇಟರಿನ ಕೆಳಗೆ ಸೋರಿದ ಡೀಸೆಲ್, ತೆರೆದ ಪೀಪಾಯಿಗಳಲ್ಲಿ ಉಳಿದ ಬಣ್ಣ, ರೆಡಿಮಿಕ್ಸ್ ಲಾರಿ ತೊಳೆದ ಸಿಮೆಂಟಿನ ಗಂಜಿ, ಉಪಾಹಾರ ಮಂದಿರದ ಹಿಂಬದಿಯ ಜಿಡ್ಡು, ವಾಹನ ನಿಲ್ದಾಣದ ಟಯರಿನ ಧೂಳು ಇವೆಲ್ಲವೂ ಬೇಸಿಗೆಯುದ್ದಕ್ಕೂ ನೆಲದ ಮೇಲೆ ಕೂಡಿಕೊಳ್ಳುತ್ತವೆ. ಮುಂಗಾರು ಪೂರ್ವದ ಮೊದಲ ಜೋರು ಮಳೆ ಇವನ್ನೆಲ್ಲ ಒಮ್ಮೆಗೇ ತೊಳೆದು ಒಯ್ಯುತ್ತದೆ. ಹೀಗಾಗಿ ಚಿಕ್ಕ ಅಂಗಳಗಳಲ್ಲಿ ಮೊದಲ ಹರಿವೇ ಸಾಮಾನ್ಯವಾಗಿ ಅತ್ಯಂತ ಮಲಿನ. ಒಂದು ಎಕರೆ ಕಾಂಕ್ರೀಟ್ ನೆಲದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರಾಗುತ್ತದೆ. ಕಾಡಿನ ನೆಲವಾಗಿದ್ದರೆ ಅದರ ಬಹುಪಾಲು ತರಗಿನಲ್ಲಿ ಇಂಗುತ್ತಿತ್ತು. ಕಾಂಕ್ರೀಟು ಅದನ್ನು ಪೂರ್ತಿಯಾಗಿ, ಕೊಳೆಯ ಸಮೇತ, ಕೆಲವೇ ನಿಮಿಷಗಳಲ್ಲಿ ಕಾಲುವೆಗೆ ಒಪ್ಪಿಸುತ್ತದೆ.

ಗಾಜಿನ ಗೋಡೆಗಳ ಮಾಹಿತಿ ತಂತ್ರಜ್ಞಾನ ಕಟ್ಟಡಗಳಲ್ಲಿ ಹೊಗೆ ಕೊಳವೆಯಿಲ್ಲ, ಆದ್ದರಿಂದ ಮಾಲಿನ್ಯವೂ ಇಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಸಾವಿರಾರು ಜನರು ಊಟ ಮಾಡುವ ಅಡುಗೆಮನೆ, ಸಾಲುಸಾಲು ಜನರೇಟರುಗಳು, ಎಕರೆಗಟ್ಟಲೆ ವಾಹನ ನಿಲ್ದಾಣ, ಹುಲ್ಲುಹಾಸಿಗೆ ಸುರಿಯುವ ಗೊಬ್ಬರ ಮತ್ತು ಕೀಟನಾಶಕ ಇವು ಅಲ್ಲಿಯೂ ಇವೆ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಗಳು ಮುಳುಗಿದಾಗ, ಆ ರಸ್ತೆಯ ಕಂಪನಿಗಳ ಸಂಘ ಒಂದೇ ದಿನದಲ್ಲಿ ರೂ. 225 ಕೋಟಿ ನಷ್ಟವಾಯಿತೆಂದು ಮುಖ್ಯಮಂತ್ರಿಗೆ ಪತ್ರ ಬರೆಯಿತು. ಕಾಲುವೆ ಕಟ್ಟಿಕೊಂಡರೆ ಉದ್ಯಮಕ್ಕೂ ನಷ್ಟವೆಂಬ ಅರಿವು ಆ ಪತ್ರದಲ್ಲಿತ್ತು. ಅದೇ ಕಾಲುವೆಗೆ ಉದ್ಯಮ ಏನನ್ನು ಬಿಡುತ್ತಿದೆ ಎಂಬ ಲೆಕ್ಕವನ್ನೂ ಅಷ್ಟೇ ನಿಖರವಾಗಿ ಬರೆಯುವ ದಿನ ಬರಬೇಕು.

ಹಾಗಿದ್ದರೆ ಕಾನೂನು ಇಲ್ಲವೇ? ಇದೆ. 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಅಧಿನಿಯಮ ತೊರೆ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ನದಿಯಷ್ಟೇ ಅಲ್ಲ, ಸದ್ಯಕ್ಕೆ ಒಣಗಿರುವ ಜಲಮಾರ್ಗವೂ, ಮನುಷ್ಯ ನಿರ್ಮಿತ ಒಳನಾಡು ಜಲವೂ, ಅಂತರ್ಜಲವೂ ಸೇರಿವೆ. ಬೇಸಿಗೆಯಲ್ಲಿ ಬತ್ತಿ ಬಿರಿದ ರಾಜಕಾಲುವೆಯೂ ಕಾನೂನಿನ ಕಣ್ಣಿನಲ್ಲಿ ತೊರೆಯೇ. ಆ ಅಧಿನಿಯಮದ 24ನೆಯ ಪ್ರಕರಣದಂತೆ ವಿಷಕಾರಿ ಅಥವಾ ಮಲಿನಕಾರಿ ವಸ್ತು ತೊರೆಗೆ, ಬಾವಿಗೆ, ಒಳಚರಂಡಿಗೆ ಅಥವಾ ನೆಲಕ್ಕೆ ಸೇರುವಂತೆ ಯಾರೂ ತಿಳಿದೂ ಮಾಡಬಾರದು, ತಿಳಿದೂ ಬಿಡಬಾರದು. 25ನೆಯ ಪ್ರಕರಣ ಉದ್ಯಮಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವನ್ನು ಕಡ್ಡಾಯಗೊಳಿಸುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಆವರಣದಲ್ಲಿ ಇಟ್ಟುಕೊಳ್ಳಬಾರದೆನ್ನುತ್ತವೆ.

ಸಮಸ್ಯೆ ಇರುವುದು 'ತಿಳಿದೂ' ಎಂಬ ಆ ಒಂದು ಪದದಲ್ಲಿ ಮತ್ತು ಕೊಳವೆಯ ಮೇಲೆ ಮಾತ್ರ ನೆಟ್ಟ ದೃಷ್ಟಿಯಲ್ಲಿ. ಸಮ್ಮತಿ ಪತ್ರ ಪರಿಶೀಲಿಸುವ ಅಧಿಕಾರಿ ಸಂಸ್ಕರಣಾ ಘಟಕದ ಹೊರಹರಿವನ್ನು ಅಳೆಯುತ್ತಾನೆ. ಅಂಗಳದ ಮೂಲೆಯಲ್ಲಿ ಮಳೆಗೆ ತೆರೆದಿರುವ ಪೀಪಾಯಿ ಆ ಅಳತೆಗೆ ಸಿಗುವುದಿಲ್ಲ. ಕಾಲುವೆಯಲ್ಲಿ ಎಣ್ಣೆ ತೇಲಿದರೆ ಸಿದ್ಧ ಉತ್ತರವೊಂದಿದೆ: 'ಮಳೆ ಬಂತು, ಕೊಚ್ಚಿಕೊಂಡು ಹೋಯಿತು.' ಮಳೆ ಪ್ರತಿ ವರ್ಷ ಬರುತ್ತದೆಂಬುದು ತಿಳಿಯದ ಉದ್ಯಮಿ ಯಾರಿದ್ದಾರೆ? ಸ್ಥಳೀಯ ನಿಯಮದ ಅಗತ್ಯ ಇಲ್ಲಿಯೇ ಹುಟ್ಟುತ್ತದೆ. ತನ್ನ ಅಂಗಳದ ಯಾವ ವಸ್ತು ಮಳೆಗೆ ಒಡ್ಡಿಕೊಂಡಿದೆ, ಅದನ್ನು ಹೇಗೆ ಕಾಪಾಡಲಾಗುವುದು ಎಂದು ಉದ್ಯಮವೇ ಮುಂಚಿತವಾಗಿ ಬರೆದುಕೊಡಬೇಕೆಂದರೆ, ಅನಂತರ ತಿಳಿದಿರಲಿಲ್ಲ ಎನ್ನಲು ಅವಕಾಶವೇ ಉಳಿಯುವುದಿಲ್ಲ.

ಅಮೆರಿಕದಲ್ಲಿ ಆದದ್ದು ಇದೇ. ಅಲ್ಲಿನ 1972ರ ಶುದ್ಧ ಜಲ ಕಾಯಿದೆ ಮೊದಲು ಕೊಳವೆಗಳ ಮೇಲೆ ಗಮನವಿಟ್ಟಿತು. ನದಿಗಳು ನಿರೀಕ್ಷೆಯಷ್ಟು ತಿಳಿಯಾಗದಿದ್ದಾಗ 1987ರಲ್ಲಿ ತಿದ್ದುಪಡಿ ತಂದು, 1990ರ ನಿಯಮಗಳ ಮೂಲಕ ಗುಜರಿ ಅಂಗಡಿಯಿಂದ ಹಿಡಿದು ದೊಡ್ಡ ಕಾರ್ಖಾನೆಗಳವರೆಗೆ ಹಲವು ಬಗೆಯ ಉದ್ಯಮಗಳು ಮಳೆನೀರಿಗೂ ಪರವಾನಗಿ ಪಡೆಯಬೇಕೆಂದು, ಮಾಲಿನ್ಯ ತಡೆಯ ಲಿಖಿತ ಯೋಜನೆ ಹೊಂದಿರಬೇಕೆಂದು ವಿಧಿಸಲಾಯಿತು. ಆ ವ್ಯವಸ್ಥೆಯ ಒಂದು ಅಂಶ ಗಮನಾರ್ಹ. ತನ್ನ ಯಾವ ವಸ್ತುವೂ ಮಳೆಗೆ ತೆರೆದಿಲ್ಲವೆಂದು ದೃಢಪಡಿಸುವ ಉದ್ಯಮಕ್ಕೆ ಆ ಪರವಾನಗಿಯಿಂದ ವಿನಾಯಿತಿ ಉಂಟು. ಒಂದು ತಗಡಿನ ಸೂರು ಹಾಕಿಸುವವನಿಗೆ ಕಾಗದಪತ್ರದ ಹೊರೆ ಇಳಿಯುತ್ತದೆ. ಪ್ರಾಮಾಣಿಕತೆಗೆ ಲಾಭವಾಗುವಂತೆ ನಿಯಮ ರಚಿಸಿದರೆ ಪಾಲನೆ ತಾನಾಗಿ ಬೆಳೆಯುತ್ತದೆ.

ಬೆಂಗಳೂರಿಗೆ ಇಂಥ ನಿಯಮ ಬರೆಯಲು ಇದು ಸಕಾಲ. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಈಗಿಲ್ಲ. 2024ರ ಅಧಿನಿಯಮದಂತೆ ರಚಿತವಾದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಕೈಗಾರಿಕಾ ನಗರ ಪ್ರಾಧಿಕಾರವಿದೆ. ಇಷ್ಟು ಕಾಲ ಕಾಲುವೆ ಪಾಲಿಕೆಯದು, ಕೊಳಚೆ ಜಲಮಂಡಳಿಯದು, ಸಮ್ಮತಿ ಮಾಲಿನ್ಯ ನಿಯಂತ್ರಣ ಮಂಡಳಿಯದು, ನಿವೇಶನ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರುತ್ತ ಬಂದರು. ಮನೆಗಳು ಹಲವಾದರೆ ಹೊಣೆ ಚದುರುವ ಅಪಾಯವೂ ಹೆಚ್ಚು. ಕಾಲುವೆಗೆ ಪಾಲಿಕೆಯ ಗಡಿ ತಿಳಿಯದು. ಆದ್ದರಿಂದ ಐದೂ ಪಾಲಿಕೆಗಳಿಗೆ ಮತ್ತು ಕೈಗಾರಿಕಾ ಪ್ರಾಧಿಕಾರಗಳಿಗೆ ಒಂದೇ ನಿಯಮಾವಳಿ ಇರುವುದು ಅಗತ್ಯ.

ಅದರಲ್ಲಿ ಏನಿರಬೇಕೆಂಬುದು ಗಹನವಾದ ವಿಷಯವೇನಲ್ಲ. ಎಣ್ಣೆ, ರಾಸಾಯನಿಕ, ಗುಜರಿ ಯಾವುದೂ ಸೂರಿಲ್ಲದೆ ಇರಬಾರದು. ದ್ರವ ತುಂಬಿದ ಪೀಪಾಯಿಗಳ ಸುತ್ತ, ಅತಿ ದೊಡ್ಡ ಪೀಪಾಯಿ ಒಡೆದರೂ ಹಿಡಿದಿಡುವಷ್ಟು ಎತ್ತರದ ಕಟ್ಟೆ ಇರಬೇಕು. ವಾಹನ ಮತ್ತು ಯಂತ್ರ ತೊಳೆಯುವ ಜಾಗದ ಇಳಿಜಾರು ಸಂಸ್ಕರಣಾ ಘಟಕದ ಕಡೆಗಿರಬೇಕು, ಮಳೆ ಚರಂಡಿಯ ಕಡೆಗಲ್ಲ. ಚೆಲ್ಲಿದ ಎಣ್ಣೆಯನ್ನು ನೀರಿನಿಂದ ತೊಳೆಯದೆ ಮರದ ಹೊಟ್ಟಿನಿಂದ ಹೀರಿಸಿ, ಆ ಹೊಟ್ಟನ್ನೂ ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು. ಮುಂಗಾರಿಗೆ ಮುನ್ನ ಚಾವಣಿ ಮತ್ತು ಅಂಗಳವನ್ನು ಒಣದಾಗಿ ಗುಡಿಸಬೇಕು. ಹೆಚ್ಚು ಅಪಾಯದ ಘಟಕಗಳಲ್ಲಿ ಮೊದಲ ಮಳೆಯ ನೀರನ್ನು ಬೇರೆ ತೊಟ್ಟಿಗೆ ತಿರುಗಿಸಿ ಪರೀಕ್ಷಿಸಿದ ಬಳಿಕವೇ ಬಿಡಬೇಕು. ಆವರಣದ ಎರಡು ಬಗೆಯ ಚರಂಡಿಗಳಿಗೆ ಎರಡು ಬಣ್ಣ ಬಳಿದು, ಅವು ಎಲ್ಲಿಗೆ ಸೇರುತ್ತವೆ ಎಂಬ ನಕ್ಷೆಯನ್ನು ಬಾಗಿಲಲ್ಲಿ ಕನ್ನಡದಲ್ಲಿ ತೂಗುಹಾಕಬೇಕು. ತಪಾಸಣೆ ಬಿಸಿಲಿನಲ್ಲಿ ನಡೆಯುವ ಬದಲು ಮಳೆ ಬರುವಾಗ ನಡೆಯಬೇಕು.

ಚಿಕ್ಕ ಉದ್ದಿಮೆಗಳಿಗೆ ಇದು ಹೊರೆಯಾಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಪೀಣ್ಯದಲ್ಲಿ ಹತ್ತು ಜನರನ್ನಿಟ್ಟುಕೊಂಡು, ಬಾಡಿಗೆ ಶೆಡ್ಡಿನಲ್ಲಿ ದುಡಿಯುವ ಸಾವಿರಾರು ಘಟಕಗಳಿವೆ. ಅವುಗಳಲ್ಲಿ ಮಲೆನಾಡಿನಿಂದ ಐಟಿಐ ಮುಗಿಸಿ ಹೋದ ಹುಡುಗರೂ ದುಡಿಯುತ್ತಾರೆ. ಒಮ್ಮೆಗೇ ಬೀಗ ಜಡಿದರೆ ಮೊದಲು ಬೀದಿಗೆ ಬೀಳುವವರು ಅವರೇ. ಆದ್ದರಿಂದ ನಿಯಮಕ್ಕೆ ಮೆಟ್ಟಿಲುಗಳಿರಬೇಕು. ಸೂರು, ಕಟ್ಟೆ, ಪೊರಕೆಗಳಂಥ ಅಗ್ಗದ ಕ್ರಮಗಳು ಮೊದಲ ಮಳೆಗಾಲಕ್ಕೇ ಕಡ್ಡಾಯವಾಗಲಿ. ಸಂಸ್ಕರಣೆಯಂಥ ದುಬಾರಿ ಕ್ರಮಗಳಿಗೆ ಕಾಲಾವಕಾಶ, ಸಾಲ ಮತ್ತು ಸಾಮೂಹಿಕ ವ್ಯವಸ್ಥೆ ಸಿಗಲಿ. ಶೆಡ್ಡಿನ ಮಾಲೀಕನೂ ಹೊಣೆಗಾರನಾಗಲಿ. ಈ ಘಟಕಗಳಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಗಳು ಬೆಲೆಯನ್ನು ಹಿಂಡುವಾಗ ಮಾಲಿನ್ಯದ ಖರ್ಚನ್ನು ಕೆಳಗಿನವರ ಮೇಲೆ ಹೇರುತ್ತಿರುತ್ತವೆ. ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕೆಂಬ ತತ್ವ ಈ ದೇಶದ ಕಾನೂನಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1996ರ ವೆಲ್ಲೂರು ಪ್ರಕರಣದಲ್ಲಿ ಸಾರಿದೆ. ಆ ಬೆಲೆಯಲ್ಲಿ ಕೊಳ್ಳುವವನ ಪಾಲೂ ಇರುವುದು ನ್ಯಾಯ.

ಇನ್ನು ಕೆಳಗಿನವರ ಮಾತು. ಬೈರಮಂಗಲದ ಅಚ್ಚುಕಟ್ಟಿನಲ್ಲಿ ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದ ರೈತರು ನೀರು ಕೆಟ್ಟ ಮೇಲೆ ಮೇವಿನ ಹುಲ್ಲು, ಹಿಪ್ಪುನೇರಳೆ, ಎಳೆಜೋಳಗಳತ್ತ ಹೊರಳಿದರು. ಆ ಹುಲ್ಲು ತಿಂದ ಹಸುವಿನ ಹಾಲು ನಗರಕ್ಕೇ ಮರಳುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲು ತಲುಪಿತು. ಬರದ ನಾಡಿಗೆ ಆ ನೀರು ಆಸರೆಯೂ ಹೌದು, ಆತಂಕವೂ ಹೌದು. ಕೊಳಚೆ ಸಂಸ್ಕರಣಾ ಘಟಕಗಳನ್ನು ರೂಪಿಸಿರುವುದು ಮುಖ್ಯವಾಗಿ ಮನೆಯ ಕೊಳಚೆಗಾಗಿ, ಲೋಹಗಳನ್ನು ತೆಗೆಯುವುದಕ್ಕಾಗಿ ಅಲ್ಲ. ಹೀಗಿರುವಾಗ ಲೋಹ ನೀರಿಗೆ ಸೇರದಂತೆ ಮೂಲದಲ್ಲಿಯೇ ತಡೆಯುವುದು ರೈತನ ಮಣ್ಣನ್ನು ಉಳಿಸುವ ಅಗ್ಗದ ಮತ್ತು ಖಚಿತವಾದ ಉಪಾಯ.

ಮಲೆನಾಡಿಗೆ ಇದು ದೂರದ ಕಥೆಯೆನಿಸಬಾರದು. ಕುದುರೆಮುಖದ ಗಣಿಯಿಂದ ಮಳೆಗಾಲದಲ್ಲಿ ಭದ್ರೆಗೆ ಇಳಿದ ಕೆಮ್ಮಣ್ಣಿನ ಹೂಳು ಕೂಡ ಮಳೆನೀರಿನ ಮಾಲಿನ್ಯವೇ ಆಗಿತ್ತು. ಜನಾಂದೋಲನ ಮತ್ತು 2002ರ ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲವಾಗಿ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಅದೇ ಕಣ್ಣಿನಿಂದ ಮನೆಯಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ಕಾಫಿ ಪಲ್ಪಿಂಗಿನ ನೀರು ಬೇಸಿಗೆಯ ಬಡಕಲು ಹಳ್ಳಕ್ಕೆ ಬಿದ್ದರೆ ಮೀನು ಸಾಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ಮೇಲೆ ಡ್ರಮ್ಮು ತೊಳೆದ ನೀರಿನಲ್ಲಿ ತಾಮ್ರವಿರುತ್ತದೆ. ಪೇಟೆಯ ಗ್ಯಾರೇಜು, ಘಟ್ಟದ ಹೋಂಸ್ಟೇ, ಹೆದ್ದಾರಿ ಬದಿಯ ಲಾರಿ ತೊಳೆಯುವ ತಾಣ ಎಲ್ಲವೂ ಹಳ್ಳದ ಮಗ್ಗುಲಲ್ಲಿಯೇ ಇವೆ. ಬೆಂಗಳೂರನ್ನು ಪ್ರಶ್ನಿಸುವ ನೈತಿಕ ಬಲ ಬರುವುದು ಸ್ವಂತ ಹಳ್ಳವನ್ನು ಕಾಯ್ದುಕೊಂಡಾಗ ಮಾತ್ರ. ಅಂಗಡಿ, ಗ್ಯಾರೇಜುಗಳಿಗೆ ಪರವಾನಗಿ ಕೊಡುವಾಗ ಮಳೆನೀರು ಎಲ್ಲಿ ಹೋಗುತ್ತದೆ ಎಂದು ಗ್ರಾಮ ಪಂಚಾಯಿತಿ ಕೇಳತೊಡಗಿದರೆ, ರಾಜಧಾನಿಗಿಂತ ಮೊದಲು ಹಳ್ಳಿಯೇ ದಾರಿ ತೋರಿದಂತಾಗುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಜಲ ಅಧಿನಿಯಮದ 25ನೆಯ ಪ್ರಕರಣದಂತೆ ಮಂಡಳಿ ತಾನು ವಿಧಿಸಿದ ಷರತ್ತುಗಳ ವಹಿಯನ್ನು ಇಟ್ಟಿರಬೇಕು. ಬಾಧಿತರಾದ ಅಥವಾ ಆಸಕ್ತರಾದ ಯಾರೂ ಅದನ್ನು ಪರಿಶೀಲಿಸಬಹುದು. 2005ರ ಮಾಹಿತಿ ಹಕ್ಕು ಅಧಿನಿಯಮ ಆ ಬಾಗಿಲನ್ನು ಇನ್ನಷ್ಟು ಅಗಲಗೊಳಿಸಿದೆ. ಮುಂದಿನ ಮುಂಗಾರಿನ ಮೊದಲ ಮಳೆಗೆ ಮುನ್ನ ಊರಿನ ಹಳ್ಳದ ಉದ್ದಕ್ಕೂ ನಡೆದು, ಯಾವ ಚರಂಡಿ ಎಲ್ಲಿ ಸೇರುತ್ತದೆ ಎಂಬ ನಕ್ಷೆಯೊಂದನ್ನು ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಲು ಒಂದು ಭಾನುವಾರ ಸಾಕು. ಮುಂದೆ ವೈಟ್‌ಫೀಲ್ಡಿಗೋ ಪೀಣ್ಯಕ್ಕೋ ಕೆಲಸಕ್ಕೆ ಹೋಗುವ ಯುವಕ ಯುವತಿಯರು ಈ ಅಭ್ಯಾಸವನ್ನು ಜೊತೆಗೆ ಒಯ್ಯಲಿ. ಸೇರಿದ ಮೊದಲ ವಾರವೇ ಕಂಪನಿಯ ಅಂಗಳದಲ್ಲಿ ನಿಂತು, ಇಲ್ಲಿಯ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಕೇಳಲಿ. ಉತ್ತರ ಬಲ್ಲವರು ಅಲ್ಲಿ ಯಾರೂ ಇಲ್ಲದಿದ್ದರೆ, ನಿಯಮ ಏಕೆ ಬೇಕೆಂಬುದಕ್ಕೆ ಬೇರೆ ವಾದ ಬೇಕಾಗಲಾರದು.